ಹೆಸರಿನ ಮರ್ಯಾದೆ

ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಾಗ ಗೃಹಸ್ಥನೊಬ್ಬನು ಒಳಮನೆಯಲ್ಲಿ ಅಡಗಿ ಕುಳಿತು, “ಅಪ್ಪ ಮನೆಯಲ್ಲಿಲ್ಲ ಎಂದು ಹೇಳಿ ಬಾ” ಎಂದು ಮಗುವನ್ನು ಕಳುಹಿಸಿದನಂತೆ. ಮಗುವು ಹೊರಗೆ ಬಂದು, “ಅಪ್ಪ ಮನೆಯಲ್ಲಿಲ್ಲ ಎಂದು ಹೇಳಿ ಬಾ ಎಂದು ಅಪ್ಪ ಹೇಳಿದರು” ಎಂದಿತಂತೆ. ಈ ಹಳೆಯ ಕಥೆಯನ್ನು ಕೇಳಿ ನಗದ ಮನೆಯಿಲ್ಲ. ಆದರೆ ನಕ್ಕಾದ ಮೇಲೆ ಒಂದು ಗಳಿಗೆ ವಿಚಾರಿಸಿ ನೋಡಿದರೆ, ಆ ಮಗುವು ಸುಳ್ಳನ್ನೂ ಹೇಳಲಿಲ್ಲ, ಅಪ್ಪಣೆಯನ್ನೂ ಮೀರಲಿಲ್ಲ ಎಂಬುದು ಕಾಣುವುದು. ಅದಕ್ಕೆ ತಿಳಿಯದೆ ಹೋದುದು ಒಂದೇ: ಸಾಗಿಸಬೇಕಾದ ಮಾತು ಎಲ್ಲಿಗೆ ಮುಗಿಯಿತು, ತನಗೆ ಕೊಟ್ಟ ಆಜ್ಞೆ ಎಲ್ಲಿಂದ ಮೊದಲಾಯಿತು ಎಂಬ ಗಡಿ. ಮನುಷ್ಯರ ಮನೆಯಲ್ಲಿ ಈ ಗಡಿ ತಪ್ಪಿದರೆ ನಗೆಯಾಗುವುದು. ಗಣಕಯಂತ್ರದ ಮನೆಯಲ್ಲಿ ತಪ್ಪಿದರೆ ಏನಾಗುವುದೆಂಬುದನ್ನು ಕಳೆದ ವರ್ಷ ನಾವು ಕಣ್ಣಾರೆ ಕಂಡೆವು. ಅದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ.

ನಾವು ವೃತ್ತಿಯಿಂದ ಶಾಲಾ ಉಪಾಧ್ಯಾಯರಾಗಿದ್ದವರು; ಕಲಿತುದು ಸಂಸ್ಕೃತ, ಕಲಿಸಿದುದೂ ಬಹುಮಟ್ಟಿಗೆ ಅದೇ. ನಾವು ಬಹುಕಾಲ ಪಾಠ ಹೇಳಿದ ಕರಾವಳಿಯ ಪ್ರೌಢಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕಗಳು ಮಳೆಗಾಲದ ತೇವಕ್ಕೆ ಅಂಚು ಉದುರಿ ಹೋಗುತ್ತಿದ್ದುವು. ಅವುಗಳಲ್ಲಿರುವ ಹೆಸರುಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿದರು. ಮಾಸಿದ ಅಕ್ಷರಗಳನ್ನು ಓದಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿತು. ಯಂತ್ರಕ್ಕೆ ಬೇಕಾದ ಪ್ರೋಗ್ರಾಮನ್ನು ಬರೆಯುವ ಕೆಲಸವನ್ನು ನಮ್ಮಲ್ಲಿಯೇ ಓದಿದ ತರುಣನೊಬ್ಬನು ವಹಿಸಿಕೊಂಡನು.

ಸಾವಿರಾರು ಸಾಲುಗಳ ಪಟ್ಟಿಯೊಂದನ್ನು ಯಂತ್ರಕ್ಕೆ ಒಪ್ಪಿಸಿ, “ಇಂಥ ಲಕ್ಷಣವುಳ್ಳ ಸಾಲುಗಳನ್ನು ಮಾತ್ರ ತೋರಿಸು” ಎಂದು ಕೇಳುವ ವಾಕ್ಯಕ್ಕೆ ಫಿಲ್ಟರ್ ಎಂದು ಹೆಸರು. ಅಡಿಗೆಮನೆಯಲ್ಲಿ ಜರಡಿಯು ಮಾಡುವ ಕೆಲಸವನ್ನೇ ಇದು ಪಟ್ಟಿಯಲ್ಲಿ ಮಾಡುವುದು. ಯಂತ್ರಗಳು ಈ ವಾಕ್ಯವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಬಯಸುವುವಾದರೂ ಇಲ್ಲಿ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆಯುತ್ತೇವೆ:

ಉಪನಾಮ = 'ಶೆಟ್ಟಿ'

ಇದರಲ್ಲಿ ಎಡಗಡೆಯ “ಉಪನಾಮ” ಎಂಬುದಕ್ಕೆ ಯಾವ ಚಿಹ್ನೆಯೂ ಇಲ್ಲ. ಅದು ಪಟ್ಟಿಯ ಒಂದು ಕಂಬಸಾಲಿನ ಹೆಸರು. ಬಲಗಡೆಯ ಶಬ್ದದ ಎರಡು ಪಕ್ಕಗಳಲ್ಲಿಯೂ ಒಂದೊಂದು ಉದ್ಧರಣಚಿಹ್ನೆಯಿದೆ. ಅದು ಹುಡುಕಬೇಕಾದ ಅಕ್ಷರಗಳು. ಚಿಹ್ನೆಗಳನ್ನು ತೆಗೆದುಹಾಕಿದರೆ ಯಂತ್ರವು ಶೆಟ್ಟಿ ಎಂಬ ಕಂಬಸಾಲನ್ನು ಹುಡುಕಹೊರಟು, ಅಂಥದು ಇಲ್ಲವೆಂದು ದೂರುವುದು.

ವ್ಯಾಕರಣ ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಅಗ್ನಿ ಎಂಬ ಶಬ್ದಕ್ಕೆ ಪ್ರತ್ಯಯವನ್ನು ಹಚ್ಚಿದರೆ “ಆಗ್ನೇಯ” ಎಂದಾಗುವುದು. ಪ್ರತ್ಯಯವನ್ನು ಹಚ್ಚುವುದು ಶಬ್ದಕ್ಕೇ ಹೊರತು ಒಲೆಯೊಳಗಿನ ಕೆಂಡಕ್ಕಲ್ಲ. ಲೋಕದಲ್ಲಿ ಶಬ್ದವು ವಸ್ತುವನ್ನು ತೋರಿಸಿದರೆ, ಶಾಸ್ತ್ರದಲ್ಲಿ ಶಬ್ದವು ತನ್ನ ರೂಪವನ್ನೇ ತೋರಿಸುವುದೆಂದು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಪಾದದಲ್ಲಿಯೇ ವಿಧಿಸಿದನು. ಯಂತ್ರದ ಭಾಷೆಯಲ್ಲಿ ಈ ಏರ್ಪಾಡು ತಿರುವುಮುರುವಾಗಿದೆ. ಬರಿಯ ಶಬ್ದವು ವಸ್ತುವನ್ನು ಹೇಳುವುದು. ಶಬ್ದದ ರೂಪವೇ ಬೇಕಾದರೆ ಚಿಹ್ನೆಗಳ ನಡುವೆ ಇಡಬೇಕು. ಹೀಗಿರಲು ಆ ಪುಟ್ಟ ಚಿಹ್ನೆಯು ಅಲಂಕಾರಕ್ಕೆ ಇರುವುದಲ್ಲ; ವಾಕ್ಯದ ಅರ್ಥವೇ ಅದರ ಮೇಲೆ ನಿಂತಿದೆ.

ಪಟ್ಟಿಯ ಕೆಲಸ ಅರ್ಧದಷ್ಟು ಆಗಿತ್ತು. ಒಂದು ದಿನ ಬೆಳಿಗ್ಗೆ ಎಪ್ಪತ್ತರ ಮೇಲಿನ ಮಹಿಳೆಯೊಬ್ಬರು ಶಾಲೆಗೆ ಬಂದರು. ಅವರು ಅಲ್ಲಿ ಓದಿದುದು ನಾವು ಕೆಲಸಕ್ಕೆ ಸೇರುವುದಕ್ಕಿಂತ ಬಹಳ ಮೊದಲು. ಉಪನಾಮ ಡಿ'ಸೋಜ. ಅವರಿಗೆ ಬರತಕ್ಕ ಅಲ್ಪಸ್ವಲ್ಪ ಹಣಕ್ಕಾಗಿ ಒಂದು ಕಚೇರಿಗೆ ಮೂರು ಸಲ ನಡೆದಿದ್ದರು. ಅಲ್ಲಿಯ ಯಂತ್ರದಲ್ಲಿ ಅವರ ಹೆಸರನ್ನು ಒತ್ತಿದಾಗಲೆಲ್ಲ ಏನೋ ದೋಷವೆಂದು ಬರುತ್ತಿತ್ತಂತೆ. “ಹೆಸರಿನ ನಡುವಣ ಚಿಹ್ನೆ ನಮ್ಮ ಯಂತ್ರಕ್ಕೆ ಹಿಡಿಸುವುದಿಲ್ಲ, ಅದನ್ನು ಬಿಟ್ಟು ಕಾಗದಪತ್ರಗಳನ್ನು ಮಾಡಿಸಿಕೊಂಡು ಬನ್ನಿ” ಎಂದು ಅಲ್ಲಿಯವರು ಹೇಳಿ ಕಳುಹಿಸಿದ್ದರು.

“ಮಾಷ್ಟ್ರೇ, ನನ್ನ ಹೆಸರಿನಲ್ಲಿಯೇ ದೋಷವಿದೆಯಂತೆ” ಎಂದು ಆಕೆ ನಮ್ಮೊಡನೆ ಹೇಳಿದರು. “ಶಾಲೆಯಲ್ಲಿ ಬರೆಸಿದ ಹೆಸರು ಇದು. ಮದುವೆಯ ಪತ್ರದಲ್ಲಿ ಇದೇ, ಮನೆಯ ಪತ್ರದಲ್ಲಿಯೂ ಇದೇ. ಈಗ ಈ ವಯಸ್ಸಿನಲ್ಲಿ ಬೇರೆ ಹೆಸರನ್ನು ಎಲ್ಲಿಂದ ತರಲಿ?”

ನಮ್ಮ ತರುಣನು ಕೂಡಲೆ ಅವರ ಉಪನಾಮವನ್ನು ನಮ್ಮ ಪಟ್ಟಿಯಲ್ಲಿ ಹುಡುಕಿದನು. ನಮ್ಮ ಯಂತ್ರವೂ ಅದೇ ದೂರನ್ನು ಹೇಳಿತು. ಅವನು ತಲೆ ಕೆರೆದುಕೊಂಡು, “ಮಾಷ್ಟ್ರೇ, ಆ ಚಿಹ್ನೆಯನ್ನು ಎಲ್ಲ ಹೆಸರುಗಳಿಂದಲೂ ತೆಗೆದುಬಿಟ್ಟರೆ ತೊಂದರೆಯೇ ಇರುವುದಿಲ್ಲವಲ್ಲ” ಎಂದನು. ದಾಖಲಾತಿ ಪುಸ್ತಕದಲ್ಲಿ ತಂದೆತಾಯಿಗಳು ಬರೆಸಿದ ಹೆಸರನ್ನು ನಮ್ಮ ಅನುಕೂಲಕ್ಕಾಗಿ ತಿದ್ದುವ ಅಧಿಕಾರ ನಮಗಿಲ್ಲವೆಂದು ನಾವು ಹೇಳಿದೆವು. ಪುಸ್ತಕವನ್ನು ತೆಗೆದು ಆ ಮಹಿಳೆಯ ಸಾಲನ್ನು ಕೈಯಿಂದಲೇ ಹುಡುಕಿದೆವು. ಚಿಹ್ನೆಯ ಸಹಿತವಾಗಿಯೇ ಅದರ ನಕಲು ಅವರಿಗೆ ಶಾಲೆಯಿಂದ ದೊರೆಯಿತು. ಆ ಸಂಜೆ ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವ ನಮ್ಮ ಮಗಳನ್ನು ದೂರವಾಣಿಯಲ್ಲಿ ಕರೆದು, ಸಮಾಚಾರವೇನೆಂದು ಕೇಳಿದೆವು.

ಅವಳು ವಾಕ್ಯವನ್ನು ಬರೆದು ನೋಡುವಂತೆ ಹೇಳಿದಳು:

ಉಪನಾಮ = 'ಡಿ'ಸೋಜ'

ಯಂತ್ರವು ಎಡದಿಂದ ಒಂದೊಂದೇ ಅಕ್ಷರವನ್ನು ಓದುತ್ತ ಬರುವುದು. ಮೊದಲ ಚಿಹ್ನೆಯನ್ನು ಕಂಡು “ಇಲ್ಲಿಂದ ಹೆಸರು ಮೊದಲಾಯಿತು” ಎಂದು ತಿಳಿಯುವುದು. “ಡಿ” ಆದ ಮೇಲೆ ಮತ್ತೊಂದು ಚಿಹ್ನೆ ಕಂಡಿತು. “ಹೆಸರು ಮುಗಿಯಿತು” ಎಂದುಕೊಂಡಿತು. ಹಾಗಾದರೆ ಮುಂದಿನ “ಸೋಜ” ಯಾರು? ಅದು ಕಂಬಸಾಲೂ ಅಲ್ಲ, ಆಜ್ಞೆಯೂ ಅಲ್ಲ. ಕೊನೆಯ ಚಿಹ್ನೆಯಂತೂ ಮುಚ್ಚದ ಬಾಗಿಲಿನಂತೆ ತೆರೆದೇ ಉಳಿಯಿತು. ಯಂತ್ರವು ಕೈಚೆಲ್ಲಿತು. ದೋಷವಿದ್ದುದು ಹೆಸರಿನಲ್ಲಲ್ಲ, ಅದಕ್ಕೆ ಹಾಕಿದ ಬೇಲಿಯಲ್ಲಿ.

ವಿಚಾರ ಮಾಡಿದರೆ ಆ ಹೆಸರಿನೊಳಗಿನ ಚಿಹ್ನೆ ಬೇರೆ, ಹೊರಗಿನ ಚಿಹ್ನೆ ಬೇರೆ. ಪೋರ್ಚುಗೀಸಿನ “ಡೆ” ಎಂಬ ಸಂಬಂಧಸೂಚಕ ಶಬ್ದವು ಕುಗ್ಗಿ ಒಂದೇ ಅಕ್ಷರವಾಗಿ ಉಳಿದುದಕ್ಕೆ ಒಳಗಿನ ಚಿಹ್ನೆ ಸಾಕ್ಷಿಯಾಗಿದೆ. “ಸಃ ಅಹಂ” ಎಂಬುದು “ಸೋಽಹಂ” ಆದಾಗ ಮರೆಯಾದ ಅಕಾರದ ಗುರುತಾಗಿ ನಾವು ಅವಗ್ರಹವನ್ನು ಬರೆಯುವುದಿಲ್ಲವೆ? ಅದರ ಬಂಧುವೇ ಇದು. ಐರ್ಲೆಂಡಿನ ಓ'ಬ್ರಯನ್, ಓ'ನೀಲ್ ಮೊದಲಾದ ಮನೆತನಗಳವರಿಗೂ ಇದೇ ಕಷ್ಟ. ಹೊರಗಿನ ಚಿಹ್ನೆಯಾದರೋ ಬರಿಯ ಗಡಿಕಲ್ಲು. ಬೆರಳಚ್ಚಿನ ಕಾಲದಿಂದ ಎರಡಕ್ಕೂ ಒಂದೇ ಕೀಲಿಯನ್ನು ಕೊಟ್ಟುಬಿಟ್ಟಿರುವುದೇ ಈ ಗೊಂದಲದ ಬೇರು.

ಗಡಿಯ ವಿಷಯದಲ್ಲಿ ನಮ್ಮ ವೈಯಾಕರಣರು ಒಂದು ಸೊಗಸಾದ ಭೇದವನ್ನು ಮಾಡಿದ್ದಾರೆ. “ಉಡುಪಿಯವರೆಗೆ ಮಳೆಯಾಯಿತು” ಎಂದರೆ ಉಡುಪಿಯಲ್ಲಿ ಮಳೆಯಾಯಿತೆ, ಇಲ್ಲವೆ? ಗಡಿಯನ್ನು ಹೊರಗಿಟ್ಟು ಹೇಳಿದರೆ ಅದಕ್ಕೆ ಮರ್ಯಾದೆ ಎಂದೂ, ಗಡಿಯನ್ನು ಒಳಗೆ ಸೇರಿಸಿಕೊಂಡು ಹೇಳಿದರೆ ಅಭಿವಿಧಿ ಎಂದೂ ಹೆಸರು. ಉದ್ಧರಣಚಿಹ್ನೆಯು ಮರ್ಯಾದೆಯ ಜಾತಿಯದು: ಅದು ಹೆಸರನ್ನು ಕಾಯುವುದು, ಹೆಸರಿನೊಳಗೆ ಸೇರುವುದಿಲ್ಲ. ಡಿ'ಸೋಜ ಎಂಬುದರೊಳಗಿನ ಚಿಹ್ನೆಯು ಹೆಸರಿನ ಅಂಗವೇ ಆಗಿದೆ. ಯಂತ್ರಕ್ಕೆ ಈ ಎರಡನ್ನೂ ಬೇರೆಬೇರೆಯಾಗಿ ತಿಳಿಸುವ ಬಗೆ ಹೇಗೆ?

ಇದಕ್ಕೆ ಎಪ್ಪತ್ತು ವರ್ಷಗಳಿಂದ ಅನೇಕ ಉಪಾಯಗಳು ನಡೆದು ಬಂದಿವೆ. ಮೊದಮೊದಲಿನ ಫೋರ್ಟ್ರಾನ್ ಭಾಷೆಯಲ್ಲಿ ಬೇಲಿಯೇ ಇರಲಿಲ್ಲ. ಮುಂದೆ ಬರುವ ಅಕ್ಷರಗಳು ಇಷ್ಟು ಎಂದು ಮೊದಲೇ ಎಣಿಸಿ ಬರೆಯಬೇಕಾಗಿತ್ತು. ಅನುಷ್ಟುಪ್ಪಿನ ಪಾದವು ಎಂಟನೆಯ ಅಕ್ಷರಕ್ಕೆ ಮುಗಿಯಿತೆಂದು ನಾವು ಎಣಿಸಿಯೇ ತಿಳಿಯುವಂತೆ ಇದು. ಒಳಗೆ ಯಾವ ಚಿಹ್ನೆಯಿದ್ದರೂ ಬಾಧಕವಿಲ್ಲ. ಆದರೆ ಲೆಕ್ಕ ಒಂದು ತಪ್ಪಿದರೆ ಎಲ್ಲವೂ ತಪ್ಪಿದಂತೆ. ೧೯೭೨ರ ಸುಮಾರಿಗೆ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿ ಎಂಬುವರು ರೂಪಿಸಿದ ಸಿ ಭಾಷೆಯಲ್ಲಿ ಚಿಹ್ನೆಯ ಮುಂದೆ ಒಂದು ಓರೆಗೆರೆಯನ್ನು ಹಾಕಿ, “ಇದು ಗಡಿಯಲ್ಲ, ಅಕ್ಷರ” ಎಂದು ಸೂಚಿಸುವರು. ೧೯೭೪ರಲ್ಲಿ ಐಬಿಎಂ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬುವರು ಲೋಕಕ್ಕೆ ತಿಳಿಸಿದ, ಈಗ ಎಸ್‌ಕ್ಯೂಎಲ್ ಎಂದು ಕರೆಯುವ ಪ್ರಶ್ನಭಾಷೆಯ ರೂಢಿ ಬೇರೆ: ಒಳಗಿನ ಚಿಹ್ನೆಯನ್ನು ಎರಡು ಬಾರಿ ಬರೆಯುವುದು.

ಉಪನಾಮ = 'ಡಿ''ಸೋಜ'

ಎರಡು ಚಿಹ್ನೆಗಳು ಒತ್ತಾಗಿ ಬಂದರೆ ಯಂತ್ರವು ಅವನ್ನು ಒಂದೇ ಅಕ್ಷರವೆಂದು ಗ್ರಹಿಸಿ ಮುಂದೆ ಹೋಗುವುದು. ಪಾಣಿನಿಯ ಧಾತುಪ್ರತ್ಯಯಗಳಿಗೆ ಅಂಟಿಕೊಂಡು ಬರುವ ಇತ್ ಎಂಬ ಗುರುತಿನ ವರ್ಣಗಳು ತಮ್ಮ ಕೆಲಸವನ್ನು ಮಾಡಿ ಲೋಪವಾಗುವಂತೆ, ಹೆಚ್ಚಿನ ಚಿಹ್ನೆಯೂ ತನ್ನ ಕೆಲಸ ತೀರಿಸಿ ಮರೆಯಾಗುವುದು. ಮೈಕ್ರೋಸಾಫ್ಟಿನವರ ಡಾಟ್‌ನೆಟ್ ಸಾಮಗ್ರಿಯ ಪಟ್ಟಿಗಳನ್ನು ಸೋಸುವಾಗಲೂ ಇದೇ ಕ್ರಮ. ಅಲ್ಲಿ ದಿನಾಂಕಗಳಿಗೆ ಮಾತ್ರ # ಎಂಬ ಬೇರೆ ಬೇಲಿಯಿದೆ. ಹೆಸರಿನ ನಡುವೆ ತೆರಪು ಮೊದಲಾದುವು ಇರುವ ಕಂಬಸಾಲುಗಳಿಗೆ ಚೌಕಾವರಣವುಂಟು. ಒಂದೊಂದು ಊರಿನ ಬೇಲಿ ಒಂದೊಂದು ಬಗೆ. ಬೇಲಿಯಿಲ್ಲದ ಊರು ಮಾತ್ರ ಇಲ್ಲ.

ಇದಲ್ಲದೆ ಮತ್ತೊಂದು ತೊಡಕು ಉಂಟು. ಪತ್ರ ಬರೆಯುವ ಪ್ರೋಗ್ರಾಮುಗಳು ನೆಟ್ಟನೆಯ ಚಿಹ್ನೆಯನ್ನು ಕೇಳದೆಯೇ ಬಾಗಿದ ಚಿಹ್ನೆಯನ್ನಾಗಿ ಮಾರ್ಪಡಿಸುವುವು. ಕಣ್ಣಿಗೆ ಎರಡೂ ಒಂದೇ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ಸಂಕೇತದಲ್ಲಿ ನೆಟ್ಟನೆಯದು ೩೯ನೆಯದು, ಬಾಗಿದುದು ೮೨೧೭ನೆಯದು. ಕನ್ನಡದ ಅವಗ್ರಹ ೩೨೬೧ನೆಯದು. ಒಂದರಿಂದ ಬರೆದ ಹೆಸರನ್ನು ಇನ್ನೊಂದರಿಂದ ಹುಡುಕಿದರೆ ಯಂತ್ರವು, ಬೇರೆಯಾಗಿ ಕಲಿಸದ ಹೊರತು, ಅಂಥವರು ಇಲ್ಲವೆಂದೇ ಹೇಳುವುದು.

ನಮ್ಮ ತರುಣನು ಎರಡು ಬಾರಿ ಬರೆಯುವ ಉಪಾಯವನ್ನು ಕಲಿತು ಹಿಗ್ಗಿದನು. ಆ ಮಹಿಳೆಗೂ ಒಂದು ಚೀಟಿಯಲ್ಲಿ ಅದನ್ನು ಬರೆದು ಕೊಟ್ಟನು. ಅವರು ನಾಲ್ಕನೆಯ ಸಲ ಆ ಕಚೇರಿಗೆ ಹೋಗಿ ಚೀಟಿಯನ್ನು ತೋರಿಸಿದರು. ಗುಮಾಸ್ತರು ಚಿಹ್ನೆಯನ್ನು ಎರಡು ಬಾರಿ ಒತ್ತಿದರು. ಹೆಸರು ತಟ್ಟನೆ ಬಂದಿತು. ಅವರ ಕೆಲಸವೂ ಆಯಿತು. ಈ ಸಂತೋಷದ ವಾರ್ತೆಯನ್ನು ನಾವು ಮಗಳಿಗೆ ತಿಳಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಯ್ಯ, ಆ ಅಮ್ಮನ ಕೆಲಸವಾದುದು ಒಳ್ಳೆಯದೇ. ಆದರೆ ಅಲ್ಲಿ ಹಾಗೆ ಸಿಕ್ಕಿತೆಂದರೆ ಅದು ಹೆದರಬೇಕಾದ ವಿಷಯ” ಎಂದಳು.

ಹೆದರುವುದು ಯಾತಕ್ಕೆ? ಹೊರಗಿನವರು ಒತ್ತಿದ ಅಕ್ಷರಗಳು ಹಾಗೆ ಹಾಗೆಯೇ ಆಜ್ಞಾವಾಕ್ಯದೊಳಗೆ ಸೇರುತ್ತಿವೆ ಎಂಬುದಕ್ಕೆ ಅದು ಪ್ರಮಾಣವಾಯಿತು. ಸಾಧುವಾದ ಹೆಸರೊಂದು ಬೇಲಿಯನ್ನು ಅರಿಯದೆ ಮುರಿದರೆ, ದುರುಳನಾದವನು ಅರಿತೇ ಮುರಿಯಬಲ್ಲನು. ಹೆಸರು ಕೇಳುವ ಜಾಗದಲ್ಲಿ ಅವನು ಹೆಸರಿಗೆ ಬದಲಾಗಿ ಹೀಗೆ ಒತ್ತುವನೆಂದು ಭಾವಿಸೋಣ:

' ಅಥವಾ 'ಅ' = 'ಅ

ಪ್ರೋಗ್ರಾಮು ಇದರ ಎರಡು ಕಡೆಗೂ ತನ್ನ ಚಿಹ್ನೆಗಳನ್ನು ಹಚ್ಚಿದಾಗ ಆಗುವ ವಾಕ್ಯ:

ಉಪನಾಮ = '' ಅಥವಾ 'ಅ' = 'ಅ'

ಉಪನಾಮ ಬರಿದಾಗಿರಬೇಕು, ಇಲ್ಲವೆ ಅಕಾರವು ಅಕಾರಕ್ಕೆ ಸಮವಾಗಿರಬೇಕು ಎಂದು ಇದರ ಅರ್ಥ. ಅಕಾರವು ಅಕಾರಕ್ಕೆ ಎಲ್ಲ ಸಾಲುಗಳಲ್ಲಿಯೂ ಸಮವೇ. ಜರಡಿಯ ತಳವೇ ಕಿತ್ತುಹೋಗಿ ಊರಿನವರೆಲ್ಲರ ಹೆಸರು, ವಿಳಾಸ, ಹಣಕಾಸು ಅವನ ಮುಂದೆ ಬಂದು ಬೀಳುವುದು. ಈ ಬಗೆಯ ಆಕ್ರಮಣವನ್ನು ಜೆಫ್ ಫಾರಿಸ್ಟಾಲ್ ಎಂಬುವರು ೧೯೯೮ರ ಕೊನೆಯಲ್ಲಿ ಫ್ರಾಕ್ ಎಂಬ ಪತ್ರಿಕೆಯಲ್ಲಿ ವಿವರಿಸಿದ್ದರು. ಆದರೂ ೨೦೧೫ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಸಂಸ್ಥೆಯ ೧,೫೬,೯೫೯ ಗ್ರಾಹಕರ ವಿವರಗಳು ಇದೇ ಹಾದಿಯಿಂದ ಕಳವಾದುವು. ಮರುವರ್ಷ ಆ ದೇಶದ ಮಾಹಿತಿ ಆಯುಕ್ತರ ಕಚೇರಿಯು ಆ ಸಂಸ್ಥೆಗೆ ನಾಲ್ಕು ಲಕ್ಷ ಪೌಂಡುಗಳ ದಂಡವನ್ನು ವಿಧಿಸಿತು. ಹದಿನೇಳು ವರ್ಷಗಳ ಹಿಂದೆಯೇ ತಿಳಿಯಬಂದಿದ್ದ ದೋಷಕ್ಕೆ ತೆತ್ತ ಬೆಲೆ ಇದು.

ಪರಿಹಾರವೇನೆಂದು ನಾವು ಕೇಳಿದಾಗ ಮಗಳು ಹೇಳಿದ ಮಾತು ನಮಗೆ ಕೂಡಲೆ ಹಿಡಿಸಿತು. ವಾಕ್ಯವನ್ನೂ ಹೆಸರನ್ನೂ ಒಂದರೊಳಗೊಂದು ಹೊಲಿಯಕೂಡದು. ಮೊದಲು ಹೆಸರಿನ ಜಾಗವನ್ನು ಬರಿದಾಗಿ ಬಿಟ್ಟು, ಅಲ್ಲಿ ಒಂದು ಪ್ರಶ್ನಚಿಹ್ನೆಯನ್ನಿಟ್ಟು, ವಾಕ್ಯವನ್ನು ಮಾತ್ರ ಯಂತ್ರಕ್ಕೆ ಕೊಡಬೇಕು. ಯಂತ್ರವು ಅದರ ಅನ್ವಯವನ್ನು ಪೂರ್ತಿಯಾಗಿ ಮಾಡಿಕೊಂಡ ಮೇಲೆ ಹೆಸರನ್ನು ಬೇರೆಯಾಗಿ ಒಪ್ಪಿಸಬೇಕು. ಆಗ ಹೆಸರಿನಲ್ಲಿ ಏನೇ ಇರಲಿ, ಅದು ಹೆಸರಾಗಿಯೇ ಉಳಿಯುವುದು; ಆಜ್ಞೆಯಾಗಿ ಮಾರ್ಪಡುವ ಅವಕಾಶವೇ ಅದಕ್ಕಿಲ್ಲ.

ನಮ್ಮ ಪುರೋಹಿತರ ಪ್ರಯೋಗಗ್ರಂಥಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಸಂಕಲ್ಪದಲ್ಲಿ ಗೋತ್ರ, ನಕ್ಷತ್ರ, ಹೆಸರು ಬರತಕ್ಕ ಕಡೆಗಳಲ್ಲಿ “ಅಮುಕ” ಎಂದು ಬರೆದಿರುವರು. ಕರ್ಮದ ರೂಪ ಮೊದಲೇ ನಿಶ್ಚಿತವಾಗಿದೆ. ಯಜಮಾನನ ಹೆಸರು ಅಮುಕದ ಜಾಗಕ್ಕೆ ಬಂದು ಕೂರುವುದು. ಯಜಮಾನನ ಹೆಸರು ಗಣಪತಿ ಎಂದಿದ್ದ ಮಾತ್ರಕ್ಕೆ ಪುರೋಹಿತರು ಸತ್ಯನಾರಾಯಣ ಪೂಜೆಯನ್ನು ಬಿಟ್ಟು ಗಣಹೋಮಕ್ಕೆ ತೊಡಗುವುದಿಲ್ಲ. ಈ ವಿವೇಕವನ್ನು ಯಂತ್ರಕ್ಕೆ ಕಲಿಸುವುದೇ ಪರಿಹಾರ.

ಬರಿದು ಜಾಗವನ್ನು ಬಿಡುವ ಸೌಕರ್ಯ ಎಲ್ಲ ಸಾಮಗ್ರಿಗಳಲ್ಲಿಯೂ ಇಲ್ಲ. ಮೇಲೆ ಹೇಳಿದ ಡಾಟ್‌ನೆಟ್ ಪಟ್ಟಿಗಳ ಫಿಲ್ಟರ್ ವಾಕ್ಯ ಅಂಥದು. ಅಲ್ಲಿ ಚಿಹ್ನೆಯನ್ನು ಇಮ್ಮಡಿಸುವುದೊಂದೇ ದಾರಿ. ಆದರೆ ಆ ಕೆಲಸವನ್ನು ಒತ್ತುವವರ ಕೈಗೆ ಬಿಡದೆ, ಪ್ರೋಗ್ರಾಮೇ ಒಂದು ಕಡೆಯಲ್ಲಿ, ಒಂದೇ ಸಲ, ಎಲ್ಲ ಹೆಸರುಗಳಿಗೂ ತಪ್ಪದೆ ಮಾಡಬೇಕು. ಎರಡು ಕಡೆಗಳಲ್ಲಿ ಮಾಡಿದರೆ ಎರಡು ನಾಲ್ಕಾಗುವುದು. ಇಮ್ಮಡಿಸಿದುದನ್ನು ಹಾಗೆಯೇ ಪಟ್ಟಿಯಲ್ಲಿ ಸಂಗ್ರಹಿಸಿದರೆ ಡಿ''ಸೋಜ ಎಂಬ ಹೊಸ ಮನೆತನವೇ ಹುಟ್ಟಿಕೊಳ್ಳುವುದು. ಬೇಲಿಯು ವಾಕ್ಯಕ್ಕೆ ಸೇರಿದುದು. ಅದನ್ನು ಹೆಸರಿನೊಡನೆ ಕಣಜಕ್ಕೆ ತುಂಬಬಾರದು.

ನಮ್ಮ ತರುಣನು ಎರಡು ದಿನ ಕುಳಿತು ಪ್ರೋಗ್ರಾಮಿನ ಹುಡುಕುವ ವಾಕ್ಯಗಳನ್ನೆಲ್ಲ ಬರಿದು ಜಾಗದ ಕ್ರಮಕ್ಕೆ ತಂದನು. ಈಗ ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಮೊದಲಾದವರೆಲ್ಲರೂ ತಂದೆತಾಯಿಗಳು ಬರೆಸಿದ ರೂಪದಲ್ಲಿಯೇ ಶೆಟ್ಟರ ಮತ್ತು ಭಟ್ಟರ ಪಕ್ಕದಲ್ಲಿ ಕುಳಿತಿದ್ದಾರೆ. ಆ ಕಚೇರಿಗೆ ನಾವು ಒಂದು ಪತ್ರವನ್ನು ಬರೆದು ಅಪಾಯವನ್ನು ತಿಳಿಸಿದೆವು. ಉತ್ತರ ಬರಲಿಲ್ಲ. ಆದರೆ ಮೂರು ತಿಂಗಳ ಬಳಿಕ ಆ ಮಹಿಳೆ ಸಿಕ್ಕಿದಾಗ, ಈಗ ಅಲ್ಲಿ ಚಿಹ್ನೆಯನ್ನು ಒಂದೇ ಸಲ ಒತ್ತಿದರೂ ತಮ್ಮ ಹೆಸರು ಬರುವುದೆಂದು ಹೇಳಿದರು. ಉತ್ತರಕ್ಕಿಂತ ಇದು ಮೇಲು.

ಗೃಹಸ್ಥರಾದವರಿಗೆ ಇದರಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ನಮ್ಮ ಮಕ್ಕಳ ಹೆಸರುಗಳನ್ನು ಈಗ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಯಂತ್ರಗಳೇ ಬರೆದಿಟ್ಟುಕೊಳ್ಳುತ್ತವೆ. “ಯಂತ್ರ ಒಪ್ಪುವುದಿಲ್ಲ, ಹೆಸರನ್ನು ಸ್ವಲ್ಪ ಬದಲಾಯಿಸಿ” ಎಂದು ಯಾರಾದರೂ ಹೇಳಿದರೆ ತಲೆಬಾಗಿ ಒಪ್ಪಿಕೊಳ್ಳಬೇಕಾಗಿಲ್ಲ. ಇಂದು ಬಿಟ್ಟ ಒಂದು ಚಿಹ್ನೆಗಾಗಿ ನಲವತ್ತು ವರ್ಷಗಳ ಮೇಲೆ ಆ ಮಗುವು ಹತ್ತು ಕಚೇರಿಗಳ ಮೆಟ್ಟಲು ಹತ್ತಬೇಕಾದೀತು. ಹೆಸರನ್ನು ಕೊಟ್ಟಂತೆಯೇ ಬರೆದುಕೊಳ್ಳುವ ವಿದ್ಯೆ ಯಂತ್ರದವರಲ್ಲಿದೆ. ಅದನ್ನು ಬಳಸಿರೆಂದು ವಿನಯದಿಂದ ಕೇಳಬಹುದು. ಮನೆಯಲ್ಲಿ ಈ ಕಸುಬನ್ನು ಕಲಿಯುತ್ತಿರುವ ಮಕ್ಕಳಿದ್ದರೆ ಅವರಿಗೂ ಈ ಮಾತನ್ನು ಹೇಳಬಹುದು.

ಸಂಸ್ಕೃತದಲ್ಲಿ ಮರ್ಯಾದೆ ಎಂದರೆ ಮೊದಲ ಅರ್ಥ ಗಡಿ. ಕನ್ನಡದಲ್ಲಿ ಅದೇ ಶಬ್ದಕ್ಕೆ ಗೌರವವೆಂಬ ಅರ್ಥ ನೆಲೆನಿಂತಿದೆ. ಒಬ್ಬರ ಮಾತು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅರಿತು, ಅದರೊಳಗೆ ಕೈಹಾಕದೆ, ಅದು ನಮ್ಮ ಮಾತಿನೊಳಗೆ ಹರಿಯದಂತೆಯೂ ನೋಡಿಕೊಂಡು, ಇದ್ದುದನ್ನು ಇದ್ದಂತೆಯೇ ತಲುಪಿಸುವುದಾದರೆ, ಎರಡು ಅರ್ಥಗಳೂ ಒಂದೇ ಕಡೆಯಲ್ಲಿ ಕೂಡಿದಂತಾಗುವುದು.